ಇದರಾಗ ನಮ್ಮ ದೇಶದ್ದು ಎಷ್ಟು

ಸಿಂಧನೂರಿನ ನಮ್ಮ ಶಾಲೆಯ ಎದುರಿಗಿದ್ದ ಡೀಸೆಲ್ ಬಂಕಿನಲ್ಲಿ ಒಬ್ಬ ಯುವಕ ಕೆಲಸಕ್ಕಿದ್ದ. ಕೊಲ್ಲಿ ಯುದ್ಧದ ದಿನಗಳು, ಹೊರದೇಶದಿಂದ ಎಣ್ಣೆ ಬರುವುದು ಕಡಿಮೆಯಾಗಿತ್ತು. ಬಂಕಿಗೆ ಡೀಸೆಲ್ ಟ್ಯಾಂಕರ್ ಬಾರದೆ ನಾಲ್ಕು ದಿನವಾಗಿತ್ತು. ಅವನಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ನೆಲದೊಳಗಿನ ಟ್ಯಾಂಕಿಗೆ ಅಳತೆಗೋಲು ಇಳಿಸಿ ತೆಗೆಯುತ್ತಿದ್ದ, ಲಿಂಗಸುಗೂರು ರಸ್ತೆಯತ್ತ ನೋಡುತ್ತಿದ್ದ, ಮತ್ತೆ ಇಳಿಸುತ್ತಿದ್ದ. ಮೇಷ್ಟ್ರಾದ ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದ: "ಸರ, ಇದರಾಗ ನಮ್ಮ ದೇಶದ್ದು ಎಷ್ಟ್ರೀ, ಹೊರಗಿಂದು ಎಷ್ಟು?" ನನಗೆ ತಿಳಿದಿರಲಿಲ್ಲ.

ಐದನೆಯ ದಿನ ಬಳಗಾನೂರಿನ ಹೆಂಗಸೊಬ್ಬಳು ಖಾಲಿ ಕ್ಯಾನು ಹಿಡಿದು ಬಂದಳು. ಡೀಸೆಲ್ ಇಲ್ಲದೆ ನೀರೆತ್ತುವ ಎಂಜಿನ್ ನಿಂತಿತ್ತು, ಹೊಸದಾಗಿ ನಾಟಿ ಮಾಡಿದ ಭತ್ತ ಒಣಗುತ್ತಿತ್ತು. ಉಳಿದ ಡೀಸೆಲ್ಲನ್ನು ತನ್ನ ಲಾರಿಗೆ ತೆಗೆದಿಡಬೇಕೆಂದು ಬಂಕಿನ ಮಾಲೀಕ ಹೇಳಿ ಹೋಗಿದ್ದ.

ಅವನು ಕೋಲು ಇಳಿಸಿದ. ಗೇಣುದ್ದ ಮಾತ್ರ ಒದ್ದೆಯಾಗಿತ್ತು.

"ಇದರಾಗ ನಮ್ದು ಎಷ್ಟಂತ ಯಾರಿಗೂ ಗೊತ್ತಿಲ್ಲವ್ವ," ಎಂದ.

"ನೀ ಕೊಟ್ಟಷ್ಟು ನಮ್ದಪ್ಪ," ಎಂದಳು ಅವಳು.

ಅವನು ಕ್ಯಾನು ತುಂಬಿಸಿಕೊಟ್ಟ. ಸಂಜೆ ಮಾಲೀಕ ಅವನನ್ನು ಕೆಲಸದಿಂದ ತೆಗೆದ.

ಮರುದಿನ ಅವನು ನನಗೆ ಬಸ್ಸಿನಲ್ಲಿ ಸಿಕ್ಕ. ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಂತಿದ್ದ. ಕೆಲಸ ಹುಡುಕಲು ಹೊರಟೆಯಾ ಎಂದು ಕೇಳಿದೆ.

"ಇಲ್ರೀ ಸರ, ಬಳಗಾನೂರಿಗೆ ಹೊಂಟೀನಿ. ಆಕಿ ಗದ್ದಿಗೆ ನೀರು ಮುಟ್ಟೈತೋ ಇಲ್ಲೋ, ನೋಡಿ ಬರ್ತೀನಿ."