ಅಕ್ಕನ ಗಂಡನಿಗೆ ಕೊಟ್ಟ ಸೈಕಲ್ಲು

ನನ್ನ ಅಕ್ಕನ ಗಂಡನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವನು ಸತ್ತು ಎಷ್ಟೋ ವರ್ಷವಾಯಿತು. ಆದರೂ ನೆನೆದರೆ ಮೈ ಉರಿಯುತ್ತದೆ.

ಮಹಾಯುದ್ಧದ ದಿನಗಳವು. ಗಡಹಿಂಗ್ಲಜದ ಸುತ್ತಲ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಸೀರೆಯ ಗಂಟು ಕಟ್ಟಿಕೊಂಡು ಹೋಗಿ ಮಾರುವುದು ನನ್ನ ಹೊಟ್ಟೆಪಾಡು. ಹೊಸ ಸೈಕಲ್ಲು ಬೇಕೆಂದರೂ ಸಿಗುವ ಕಾಲವಲ್ಲ. ಇದ್ದುದನ್ನೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಮಳೆಯಲ್ಲಿ ನೆನೆದು ಬಂದರೆ ನನ್ನ ತಲೆಗಿಂತ ಮೊದಲು ಅದನ್ನು ಒರೆಸಬೇಕು. ಸೀಟು ಕಿತ್ತು, ತಲೆಕೆಳಗು ಮಾಡಿ, ಕೊಳವೆಯೊಳಗಿನ ನೀರು ಬಸಿಯಬೇಕು. ಒಣಗಿದ ಮೇಲೆ ಒಳಗೆ ಅಗಸೆ ಎಣ್ಣೆ ಹೊಯ್ದು, ಎಲ್ಲ ಕಡೆ ಹರಿಯುವಂತೆ ಹೊರಳಿಸಬೇಕು. ಬಣ್ಣ ಎದ್ದ ಕಡೆ ಅದೇ ಎಣ್ಣೆಯಲ್ಲಿ ಸಿಂಧೂರ ಕಲಸಿ ಬಳಿಯುತ್ತಿದ್ದೆ. ಆ ಕೆಂಪು ಕಂಡು ಹಳ್ಳಿಯ ಹೆಂಗಸರು ದೂರದಿಂದಲೇ, "ಹನುಮಪ್ಪ ಸೀರಿ ತಂದಾನ, ಬರ್ರೇ!" ಎಂದು ಕೂಗಿ ನಗುತ್ತಿದ್ದರು. ನಗಲಿ, ತುಕ್ಕಂತೂ ಹತ್ತಿರ ಸುಳಿಯಲಿಲ್ಲ.

ದೀಪಾವಳಿಗೆ ಬಂದ ಅಳಿಯ ಊಟದ ಮುಂದೆ ಮುನಿಸಿಕೊಂಡು ಕುಳಿತರೆ ಕೇಳಿದ್ದನ್ನು ಕೊಡಲೇಬೇಕು. ನಮ್ಮ ಕಡೆಯ ರೂಢಿ ಅದು. ಇಚಲಕರಂಜಿಯಿಂದ ಬಂದಿದ್ದ ಭಾವ ಹೋಳಿಗೆಯ ತಾಟು ಸರಿಸಿ ನನ್ನ ಸೈಕಲ್ಲು ಕೇಳಿದ.

"ಕೊಡಪಾ. ಅಳಿಯಾ ಉಪಾಸ ಎದ್ದರ ಮಂದಿ ಏನಂದಾರು?" ಎಂದಳು ಅವ್ವ.

ಕೊಟ್ಟೆ. ಭಾವ ಎರಡು ಮಳೆಗಾಲ ಇಟ್ಟುಕೊಂಡು, ಸಾಕೆನಿಸಿದ ಮೇಲೆ ತಂದುಕೊಟ್ಟ. ಸೈಕಲ್ಲು ಪಳಪಳ ಹೊಳೆಯುತ್ತಿತ್ತು.

"ಖಂಡೇನವಮಿ ಪೂಜಾಕ್ಕ ಹುಣಸೀಹಣ್ಣು, ಬೂದಿ ಹಚ್ಚಿ ತಾಮ್ರದ ಕೊಡಾ ತಿಕ್ಕಿದಂಗ ತಿಕ್ಕೇನಿ," ಎಂದು ನನ್ನ ಬೆನ್ನು ತಟ್ಟಿದ. "ಸೀಟ ತಗದು ಹೊಟ್ಟ್ಯಾಗೂ ಹುಣಸೀ ನೀರು ಹೊಯ್ದು ತೊಳದೇನಿ. ನಿನ್ನ ಶೆಂದೂರದ ಕಲೀ ಒಂದೂ ಉಳದಿಲ್ಲ ನೋಡು!"

ತುಳಿದರೆ ಕಿರುಗುಟ್ಟುತ್ತಿತ್ತು. ತೋರಿಸಲು ಒಯ್ದಾಗ ಕೊಲ್ಹಾಪುರದ ಸೈಕಲ್ ಮಿಸ್ತ್ರಿ ಪೆಡಲಿನ ಮೇಲಿನ ಕೊಳವೆಯನ್ನು ತಟ್ಟಿ ನೋಡಿ, "ಆತೂನ ಕುಜಲಾಯ," ಎಂದ. ಹುಣಸೆಯ ಹುಳಿ ತಿಂದು ಒಳಗೇ ಕೊಳೆತಿದೆ, ಯಾವಾಗ ಮುರಿಯುತ್ತದೋ ಹೇಳಲಾಗದು. ಭಾವ ಸೈಕಲ್ಲು ಒಯ್ದಂದಿನಿಂದ ನನ್ನ ತಲೆಯ ಮೇಲಿದ್ದ ಸೀರೆಯ ಗಂಟು ಅಲ್ಲೇ ಉಳಿಯಿತು. ನಡೆದ ಒಂದೊಂದು ಹರದಾರಿಗೂ ಭಾವನಿಗೆ ಒಂದೊಂದು ಶಾಪ ಹಾಕಿದೆ.

ಶಾಪ ಸಾಲಲಿಲ್ಲ. ಸೈಕಲ್ಲಿಗೆ ದಪ್ಪಗೆ ಕಪ್ಪು ಬಣ್ಣ ಬಳಿಸಿ, ಬಸ್ಸಿನ ಮೇಲೆ ಹೇರಿ ಇಚಲಕರಂಜಿಗೆ ಒಯ್ದೆ. ಭಾವನನ್ನು ನಾನು ಮಾಮಾ ಎನ್ನುತ್ತಿದ್ದೆ.

"ಮಾಮಾ, ಇದು ನಿಮಗ ಭಾಳ ಒಪ್ಪತೈತ್ರಿ. ನೀವ ಇಟ್ಕೋರಿ," ಎಂದೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದಿನಾ ಓಡಾಡುವ ಕೊರೋಚಿಯ ದಾರಿಯಲ್ಲಿ ಅವನು ಮುಖ ಅಡಿಯಾಗಿ ಬೀಳುವುದನ್ನು, ಮುಂದಿನ ಹಲ್ಲು ಮಣ್ಣಿನಲ್ಲಿ ಹುಡುಕುವುದನ್ನು ನೆನೆದರೆ ತಲೆಯ ಮೇಲಿನ ಗಂಟು ಹಗುರಾಗುತ್ತಿತ್ತು. ಆ ಹಿಗ್ಗಿನಲ್ಲೇ ನಾಲ್ಕು ತಿಂಗಳು ಕಳೆದೆ. ಸುದ್ದಿ ಬರಲಿಲ್ಲ. ತಾಳಲಾರದೆ ನಾನೇ ನೋಡಲು ಹೋದೆ.

ಭಾವ ಅಷ್ಟೂ ಹಲ್ಲು ಬಿಟ್ಟು ಸ್ವಾಗತಿಸಿದ. ಅಕ್ಕ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಚಹಾ ತಂದಳು.

"ನೀ ಕೊಟ್ಟ ಸೈಕಲ್ಲಿಂದ ಭಾಳ ಆರಾಮಾತೋ ತಮ್ಮಾ," ಎಂದಳು. "ಕೂಸಿನ್ನ ಕಟಗೊಂಡು ಹಿಂದ ಕುಂಡ್ರತೇನಿ. ನಿನ್ನಿ ಕೊರೋಚಿಗೂ ಹಂಗ ಹೋಗಿ ಬಂದ್ವಿ."

ಚಹಾ ಕೆಳಗಿಟ್ಟೆ. ಕೂಸನ್ನು ಅವಳಿಗೆ ಕೊಟ್ಟು ಅಂಗಳಕ್ಕೆ ಹೋದೆ. ಗೋಡೆಗೆ ಒರಗಿದ್ದ ಹಾರೆ ಎತ್ತಿ ಸೈಕಲ್ಲಿನ ಮೇಲೆ ಬಡಿದೆ. ಎರಡನೇ ಏಟಿಗೆ ಕೊಳವೆ ಮುರಿದು ಕೆಂಪು ಪುಡಿ ಉದುರಿತು.

"ಹುಚ್ಚ ಹಿಡದೈತೇನಲೇ? ಕೊಟ್ಟದ್ದನ್ನ ಮುರೀತಿ?" ಎಂದು ಭಾವ ಕೂಗಾಡಿದ. ಅಕ್ಕ ಬಾಗಿ ಮುರಿದ ಅಂಚನ್ನು ಬೆರಳಿನಿಂದ ಒತ್ತಿದಳು. ಅದು ಸುಟ್ಟ ಹಪ್ಪಳದಂತೆ ಪುಡಿಯಾಯಿತು.

"ಗೊತ್ತಿದ್ದೂ ಕೊಟ್ಟಿದ್ದೇನೋ?"

"ಮಾಮಾಗ ಕೊಟ್ಟಿದ್ದೆ. ನಿನಗಲ್ಲ," ಎಂದೆ.

"ಅವರು ಬ್ಯಾರೆ, ನಾ ಬ್ಯಾರೆ ಏನೋ?" ಎಂದಳು. ಆಮೇಲೆ ಅಕ್ಕನಿಗೆ ಇನ್ನೂ ಮೂರು ಮಕ್ಕಳಾದವು. ಒಂದನ್ನೂ ಅವಳು ನನ್ನ ಕೈಗೆ ಕೊಡಲಿಲ್ಲ.