ಶುಕ್ರವಾರದ ಭಜನೆಗೆ ಬಂದ ರಾಕ್

ಮಿಕ್ಸಿ ರಿಪೇರಿಗೆಂದು ಕುಮಟೆ ಪೇಟೆಗೆ ಹೋಗಿದ್ದೆ. ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಮೈದುನ ನೆನಪಾದ. ಒಂದು ಕಾಲಕ್ಕೆ ನಮ್ಮ ಜಗಲಿಯ ತುಂಬ ಇದೇ ವಾಸನೆ ನೋಡಿ.

ಆಗ ಅವನಿಗೆ ಓಂ ಬೀಚಿನ ಹೋಟೆಲೊಂದರಲ್ಲಿ ಕೆಲಸ. ಊರಿಗೆ ಹೊರಟ ಬಿಳಿಯನೊಬ್ಬ ಅವನಿಗೆ ಕರೆಂಟಿನ ಗಿಟಾರು ಕೊಟ್ಟು ಹೋಗಿದ್ದ. ಹೊನ್ನಾವರದ ಇಗರ್ಜಿಯಲ್ಲಿ ಬಾರಿಸುವ ಗೆಳೆಯನ ಡ್ರಮ್ಮು. ಭಟ್ಕಳದ ಗೆಳೆಯನ ಅಣ್ಣ ದುಬೈಯಿಂದ ತಂದ ಆಂಪ್ಲಿಫೈಯರು. ಅದು ಆಗಾಗ ಸುಟ್ಟುಹೋಗುತ್ತಿತ್ತು, ಇವನು ಬೆಸೆಯುತ್ತಿದ್ದ. ಮೂರು ಊರು ಸೇರಿ ಒಂದು ಗದ್ದಲ. ನಾನು ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ನಾಮಸ್ಮರಣೆ ಹೆಚ್ಚಿದ್ದು ಅವನ ದೆಸೆಯಿಂದಲೇ ಅನ್ನಬೇಕು.

“ಎಂತಕೆ ಹಂಗೆ ಅರಚೂದೋ? ಹೊಟ್ಟೆ ನೋವಾ?” ಎಂದರು ಒಂದು ದಿನ ಅತ್ತೆ.

“ಆಯಿ, ಇದು ರಾಕ್. ಹತ್ತಿ ಗದ್ದೆಲಿ ಗುಲಾಮರಾಗಿ ದುಡಿದವರ ಹಾಡಿಂದ ಹುಟ್ಟಿದ್ದು. ಅವರ ಮಕ್ಕಳು ಪೇಟೆಗೆ ಬಂದ್ರು, ಗಿಟಾರಿಗೆ ಕರೆಂಟು ಬಂತು. ಬಿಳಿ ಹುಡುಗ್ರು ಕಲಿತು ದುಡ್ಡು ಮಾಡ್ಕಂಡ್ರು. ಆಮೇಲೆ ಯುದ್ಧ ಬ್ಯಾಡ ಅಂದವರೂ ಇದನ್ನೇ ಹಾಡಿದ್ರು.”

“ಹಾಡಿದವರು ಒಬ್ರು, ದುಡ್ಡು ಮಾಡ್ಕಂಡವರು ಇನ್ನೊಬ್ರು. ಎಲ್ಲಾ ಕಡೆ ಅದೇ ಆತು,” ಎಂದ ಅತ್ತೆ, ತೀರ್ಪನ್ನೂ ಕೊಟ್ಟರು. “ಶುಕ್ರವಾರ ಭಜನೆ ಮುಗಿದ ಮೇಲೆ ನಮ್ಮ ಅಂಗಳದಲ್ಲಿ ಒಂದು ಹಾಡು ಹೇಳು. ಜನ ಎದ್ದು ಹೋದ್ರೆ ಗಿಟಾರು ಮಾರೂದು.”

ಆ ವಾರ ಅವನು ಸರಿಯಾಗಿ ಉಣ್ಣಲಿಲ್ಲ. ಪಾಪ ಅನ್ನಿಸಿತು. ಪಂಚಕಜ್ಜಾಯ ಹಂಚುವುದು ಹಾಡು ಮುಗಿದ ಮೇಲೆಯೇ ಎಂದು ಸಾರಿ, ಪಾತ್ರೆ ಒಳಗಿಟ್ಟು ಬಂದೆ. ಪ್ರಸಾದ ಬಿಟ್ಟು ಯಾರು ಏಳುತ್ತಾರೆ!

ಅವನು ಮೊದಲ ಸಾಲು ಹಾಡಿದ. ಇಂಗ್ಲಿಷು. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಎಲ್ಲರೂ ಹೇಳುವುದು ರೂಢಿಯಷ್ಟೆ? ಹೆಂಗಸರೆಲ್ಲ ತಾಳ ತಟ್ಟಿ ಅದನ್ನೂ ಹೇಳಿಬಿಟ್ಟರು. ಮಾತು ಒಂದೂ ಸರಿಯಿಲ್ಲ, ರಾಗ ಮಾತ್ರ ತಪ್ಪಲಿಲ್ಲ. ಅವನು ಬೆಚ್ಚಿ ನಿಲ್ಲಿಸಿದ. ಡ್ರಮ್ಮೂ ನಿಂತಿತು.

“ನಿಂತದ್ದೆಂತಕೆ? ಮುಂದಿನ ಸಾಲು ಹೇಳೋ, ಜನ ಕಾಯ್ತಾ ಇದ್ದಾರೆ!” ಅತ್ತೆ ಗದರಿದರು.

ಸಾಲಿಗೊಮ್ಮೆ ನಿಂತು, ನಿಂತು ಹಾಡಿದ. ಸಣ್ಣ ಹಾಡು ಆರತಿಗಿಂತ ಉದ್ದವಾಯಿತು. ಒಬ್ಬರೂ ಏಳಲಿಲ್ಲ, ಪಂಚಕಜ್ಜಾಯವನ್ನು ಯಾರೂ ಕೇಳಲೂ ಇಲ್ಲ. “ಅಡ್ಡಿಲ್ಲ. ಕಡೆಗೊಂದು ಮಂಗಳ ಬೇಕಾಗಿತ್ತು,” ಎಂದರು ಅತ್ತೆ. ಗಿಟಾರು ಉಳಿಯಿತು. ಮೈದುನ ಇಂದಿಗೂ ಮದುವೆ ಮನೆಗಳಲ್ಲಿ ಬಾರಿಸುತ್ತಾನೆ. ದೇವರು ಅಷ್ಟಾದರೂ ನಡೆಸಿಕೊಟ್ಟ.

ಹೀಗೆ ಯೋಚಿಸುತ್ತ ಕೂತಿದ್ದೆ. ಅಂಗಡಿಯವನ ಮೊಬೈಲಿನಲ್ಲಿ ಅಂಥದೇ ಹಾಡೊಂದು ಶುರುವಾಯಿತು. ಮೊದಲಾದರೆ ರಾಮ ರಾಮ ಎಂದು ಹೊರಗೆ ಬರುತ್ತಿದ್ದೆ. ಈಗ ಸಾಲು ಮುಗಿದದ್ದೇ ನನ್ನ ಬಾಯಿ ತಾನಾಗಿ ತೆರೆಯಿತು.

“ಅಕ್ಕಾ, ಈ ಹಾಡು ಬರ್ತದಾ ನಿಮಗೆ?” ಅಂಗಡಿಯವ ನಕ್ಕ.

“ಬರೂದಿಲ್ಲ ಮಾರಾಯ. ಹಾಡುವಂವ ಒಂಚೂರು ನಿಂತಿದ್ರೆ ಹೇಳ್ತಿದ್ದೆ.”