ನನಗೆ ನಡೆದ ಬಾಣಂತನ

ಮೊದಲು ಬಂದದ್ದು ಚಳಿ. ಅದೂ ಬ್ಯಾಸಗಿಯಲ್ಲಿ.

ನಾನು ಫರ್ಸಿ ಮೇಸ್ತ್ರಿ. ಮನೆ ಶಹಾಬಾದದಾಗ. ಮಂದಿಯ ಮನೆ ನೆಲಕ್ಕೆ ಕಲ್ಲು ಕೂಡಿಸುವುದು ನನ್ನ ಕೆಲಸ. ನಮ್ಮ ಕಡೆಯ ಬಿಸಿಲು ಎಂಥದೆಂದರೆ, ಮಧ್ಯಾಹ್ನ ಅಂಗಳದಲ್ಲಿಟ್ಟ ಫರ್ಸಿಯನ್ನು ಕೈಗೆ ಅರಿವೆ ಸುತ್ತಿಕೊಳ್ಳದೆ ಎತ್ತಲಿಕ್ಕಾಗುವುದಿಲ್ಲ. ಅಂಥ ಬಿಸಿಲಲ್ಲಿ ಸೇಡಂನಾಗ ಒಬ್ಬ ಮಾಸ್ತರರ ಹೊಸ ಮನೆಗೆ ಕೆಲಸ ಹಿಡಿದಿದ್ದೆವು. ನನ್ನ ಜೋಡಿ ಕೆಲಸ ಮಾಡುವ ಮೌಲಾಲಿ ಬರೇ ಬನಿಯನ್ ಮೇಲಿದ್ದ. ನಾನು ಸ್ವೆಟರ್ ಹಾಕಿದ್ದೆ.

"ಅರೆ ಮೇಸ್ತ್ರಿ, ನೀ ಕಾಶ್ಮೀರದಾಗ ಫರ್ಸಿ ಹಾಕ್ಲಿಕತ್ತಿ ಏನು?" ಅಂದ ಮೌಲಾಲಿ.

ನಾನೂ ನಕ್ಕೆ. ಒಳಗೆ ಎಲುಬು ನಡುಗುತ್ತಿದ್ದವು.

ಚಳಿಯ ಹಿಂದೆ ಉಳಿದವೂ ಒಂದೊಂದಾಗಿ ಬಂದವು. ಮುಂಜಾನೆ ಎದ್ದರೆ ಮುಖ ಬಾತಿರುತ್ತಿತ್ತು. ದನಿ ದಪ್ಪಾಯಿತು. ಫೋನಿನಲ್ಲಿ ಮಾತಾಡಿದರೆ ಗುರುತು ಹಿಡಿಯದೆ "ಯಾರ್ರಿ?" ಅನ್ನುತ್ತಿದ್ದರು. ಕೂತಲ್ಲೇ ನಿದ್ದೆ. ಎಷ್ಟು ಮಲಗಿದರೂ ದಣಿವು. ನಮ್ಮದು ಇಡೀ ದಿನ ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸ. ಒಂದು ಕಲ್ಲು ಕೂಡಿಸಿ, ತಟ್ಟಿ, ಟೊಳ್ಳು ಸಪ್ಪಳ ಬರುತ್ತದೇನೋ ಕೇಳಿ, ಹಿಂದಕ್ಕೆ ಸರಿದು ಇನ್ನೊಂದು ಕೂಡಿಸಬೇಕು. ಹಂಗೆ ಒಂದು ದಿನ ಮಾಸ್ತರರ ನಡುಮನೆಯಲ್ಲಿ ಕೂತಿದ್ದವನು ಏಳಲು ಹೋದೆ.

ಏಳಲು ಬರಲಿಲ್ಲ.

ತೊಡೆ ಕಲ್ಲಾಗಿದ್ದವು. ಮೌಲಾಲಿ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಬಾಗಿಲಲ್ಲಿ ನಿಂತ ಮಾಸ್ತರರು, "ಏನ್ ಮೇಸ್ತ್ರಿ, ರಾತ್ರಿ ಜರಾ ಜಾಸ್ತಿ ಆಗ್ಯಾದೇನು?" ಅಂದರು. ನಾನು ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಐದನೆತ್ತೆಗೆ ಸಾಲಿ ಬಿಟ್ಟು ಅಪ್ಪನ ಹಿಂದೆ ಕಲ್ಲು ಹೊರಲು ಹೋದವನು. ಅವತ್ತಿನಿಂದ ಇವತ್ತಿನ ತನಕ ನನ್ನನ್ನು ಯಾರೂ ಮೈಗಳ್ಳ ಅಂದಿದ್ದಿಲ್ಲ. ಚಿತ್ತಾಪುರ, ವಾಡಿ, ಸೇಡಂ, ಎಲ್ಲಿ ಬೇಕಾದರೂ ಹೋಗಿ ನೋಡಿರಿ, ನಾನು ಕೂಡಿಸಿದ ಕಲ್ಲು ಅಲುಗಾಡುವುದಿಲ್ಲ. ಈಗ ನಾನೇ ಅಲುಗಾಡುತ್ತಿದ್ದೆ.

ದವಾಖಾನೆ ತಿರುಗುವುದು ಶುರುವಾಯಿತು. ಊರಲ್ಲಿನ ಡಾಕ್ಟರು ನಾಲಿಗೆ ನೋಡಿದರು, "ವೀಕ್‌ನೆಸ್" ಅಂದರು, ಸಲೈನ್ ಏರಿಸಿದರು. ಏರಿಸಿದ ದಿನ ಆರಾಮ ಅನಿಸುತ್ತಿತ್ತು, ಮರುದಿನ ಮತ್ತೆ ಹಂಗೇ. ಇನ್ನೊಬ್ಬರು "ಟೆನ್ಷನ್ ತಗೋಬ್ಯಾಡ" ಅಂದರು. ನನಗೆ ಟೆನ್ಷನ್ ಇದ್ದದ್ದು ಒಂದೇ, ಏಳಲು ಬರುವುದಿಲ್ಲ ಅಂತ. ಅದನ್ನು ಹೇಳಿದರೆ ಸಂಧಿವಾತದ ಗುಳಗಿ ಕೊಟ್ಟರು.

ಕಡೆಗೆ ನಾನು, ಹೆಂಡತಿ ಇಬ್ಬರೂ ಕಲಬುರಗಿಯ ದೊಡ್ಡ ದವಾಖಾನೆಗೆ ಹೋದೆವು. ಮುಂಜಾನೆ ಟೋಕನ್ ತಗೊಂಡರೆ ಮಧ್ಯಾಹ್ನಕ್ಕೆ ಪಾಳಿ ಬರುತ್ತಿತ್ತು. ರಕ್ತ ತೆಗೆದರು. ರಿಪೋರ್ಟ್ ಬಂದ ದಿನ ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಮಾತಾಡಿದರು. "ಥೈರಾಯ್ಡ್ ಅದ. ರಕ್ತದಾಗ ಟಿಎಸ್‌ಎಚ್ ಭಾಳ ಏರ್‍ಯಾದ. ಗುಳಗಿ ಬರದೀನಿ, ಜೀವ ಇರೋ ತನಕ ತಗೋಬೇಕು. ನೆಕ್ಸ್ಟ್."

ಜೀವ ಇರೋ ತನಕ. ಅಷ್ಟು ದೊಡ್ಡ ಮಾತಿನ ಬೆನ್ನಿಗೇ ನೆಕ್ಸ್ಟ್.

ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಹೆಣ್ಣುಮಕ್ಕಳು. ಅವರಲ್ಲೊಬ್ಬ ಮುದುಕಿ ನನ್ನ ಹೆಂಡತಿ ಮಹಾದೇವಿಯನ್ನು ನೋಡಿ, "ನಿನಗ ಎಷ್ಟ್ ವರ್ಷ ಆತವ್ವ ಥೈರಾಡ್ ಆಗಿ?" ಅಂದಳು. "ನನಗಲ್ರಿ, ಇವರಿಗೆ" ಅಂದಳು ಮಹಾದೇವಿ. ಮುದುಕಿ ನನ್ನ ಮೀಸೆಯ ಕಡೆ ನೋಡಿ, "ಅಯ್ಯ ಶಿವನ! ಗಂಡಸರಿಗೂ ಬರ್ತದೇನ್ ಇದು!" ಅಂತ ಗಲ್ಲದ ಮೇಲೆ ಕೈ ಇಟ್ಟಳು. ಬೆಂಚಿಗೆ ಬೆಂಚೇ ನಕ್ಕಿತು. ಗುಳಗಿ ಕೊಟ್ಟ ಹುಡುಗಿ ತಲೆ ಎತ್ತದೆ, "ಮುಂಜಾನಿ ಖಾಲಿ ಹೊಟ್ಟಿಗಿ" ಅಂದಳು. ನಮಗೆ ಸಿಕ್ಕ ತಿಳಿವಳಿಕೆ ಅಷ್ಟೇ.

ವಾಪಸು ಬರುವಾಗ ಮಹಾದೇವಿಯ ತಲೆ ಓಡುತ್ತಿತ್ತು. ಆಕೆ ತನ್ನ ಲೆಕ್ಕ ಹಾಕುತ್ತಿದ್ದಳು. ಹೆಣ್ಣುಮಕ್ಕಳ ಬ್ಯಾನಿ. ಮೈಯೆಲ್ಲ ಥಂಡಿ. ಮುಖದ ಮೇಲೆ ಬಾವು. ಕಾಲಲ್ಲಿ ಶಕ್ತಿ ಇಲ್ಲ. ಇದಕ್ಕೆ ಏನು ಮಾಡಬೇಕು ಅಂತ ಆಕೆಗೆ ಗೊತ್ತಿತ್ತು. ಚಿಂಚೋಳಿಯ ತವರಿಗೆ ಫೋನ್ ಹಚ್ಚಿದಳು.

"ಯವ್ವಾ, ಅಂಟು, ಅಳವಿ, ಖಾರೀಕ ಕಳಸು."

"ಯಾರು ಹಡದಾರಬೇ?" ಅಂದಳು ನಮ್ಮತ್ತೆ.

"ಯಾರೂ ಹಡದಿಲ್ಲ. ನಿನ್ನ ಅಳಿಯಗ ಬೇಕಾಗ್ಯಾವ."

ಹಿಂಗೆ ನನ್ನ ಬಾಣಂತನ ಶುರುವಾಯಿತು. ತಲೆಗೆ, ಕಿವಿ ಮುಚ್ಚುವಂಗ ಅರಿವೆ ಕಟ್ಟಿದಳು. ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಟ್ಟು ಶೇಕ ಕೊಟ್ಟಳು. ಸಂಜೆಗೆ ಲೋಬಾನದ ಹೊಗೆ. ಊಟಕ್ಕೆ ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ಹಾಕಿದ ಸಾರು, ಮ್ಯಾಲೆ ತುಪ್ಪ. ಕೈಗೊಂದು ಅಂಟಿನ ಉಂಡಿ. ನೋಡಲಿಕ್ಕೆ ಬಂದ ಮೌಲಾಲಿ ಬಾಗಿಲಲ್ಲೇ ನಿಂತು, "ಭಾಬಿ, ಗಂಡೋ ಹೆಣ್ಣೋ?" ಅಂದ. ನಾನು ಚಪ್ಪಲಿ ತಗೊಂಡೆ. ಎಸೆಯುವಷ್ಟು ಶಕ್ತಿ ಇರಲಿಲ್ಲ.

ನನಗೆ ನಾಚಿಕೆ ಬರುತ್ತಿತ್ತು, ಖರೇ. ಆದರೆ ಆಕೆ ಕಿವಿಗೆ ಅರಿವೆ ಕಟ್ಟುವಾಗ ಆ ಬೆರಳು ಕುತ್ತಿಗೆಗೆ ತಾಕುತ್ತಿದ್ದವಲ್ಲ, ಅಷ್ಟೇ ಹೊತ್ತು ಮೈಯೊಳಗಿನ ಚಳಿ ಬಿಡುತ್ತಿತ್ತು.

ಮುಂಜಾನೆ ಎಲ್ಲಕ್ಕಿಂತ ಮೊದಲು ಗುಳಗಿ. ಅದನ್ನು ಆಕೆಯೇ ಕೊಡುತ್ತಿದ್ದಳು, ಖಾರೀಕ, ಅಂದರೆ ಒಣ ಖರ್ಜೂರ, ಕುದಿಸಿದ ಎಮ್ಮೆ ಹಾಲಿನ ಜೋಡಿ. "ಆ ಹುಡುಗಿ ಖಾಲಿ ಹೊಟ್ಟಿಗಿ ಅಂದಾಳಲ್ಲ?" ಅಂತ ಒಮ್ಮೆ ಕೇಳಿದೆ.

"ಖಾಲಿ ಹೊಟ್ಟಿಗೇ ಕೊಡ್ಲಿಕತ್ತೀನಲ್ರಿ. ರೊಟ್ಟಿ ತಿಂದೀರೇನು? ಸೋಮವಾರದ ಉಪಾಸಕ್ಕ ನಾ ಹಾಲು ಖಾರೀಕ ತಗೊಳಲ್ಲೇನು? ಉಪಾಸ ಮುರೀತದೇನು? ಗುಳಗಿ ಭಾಳ ಹೀಟ್ ಇರ್ತಾವ. ಹಾಲಿಲ್ದ ನುಂಗಿದ್ರ ಕರಳು ಸುಡ್ತಾವ."

ನನಗೂ ಅದು ಬರೋಬರಿ ಅನಿಸಿತು. ನಮ್ಮ ಮನೆಗಳಲ್ಲಿ ಹೊಟ್ಟೆ ಖಾಲಿ ಇದೆಯೋ ತುಂಬಿದೆಯೋ ಅಂತ ಹೇಳುವುದು ರೊಟ್ಟಿ. ಹಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುಳಗಿ ಒಂದು ದಿನವೂ ತಪ್ಪಿಸಲಿಲ್ಲ.

ಆದರೂ ಇಳಿಯಲಿಲ್ಲ. ಪ್ರತಿ ಸಲ ರಕ್ತ ಕೊಟ್ಟೆ, ಪ್ರತಿ ಸಲ ಟಿಎಸ್‌ಎಚ್ ಏರಿಯೇ ಇತ್ತು. ದೊಡ್ಡ ದವಾಖಾನೆಯ ಡಾಕ್ಟರು ಗುಳಗಿಯ ಪವರ್ ಏರಿಸುತ್ತ ಹೋದರು. ಯಾಕೆ ಇಳಿಯುತ್ತಿಲ್ಲ ಅಂತ ನಾನು ಕೇಳಿದರೆ ಕೈ ಬಾಗಿಲ ಕಡೆ ತೋರಿಸುತ್ತಿದ್ದರು. ಒಂದು ಸಲ ಮಾತ್ರ ಕಂಪ್ಯೂಟರಿನಿಂದ ಮುಖ ತಿರುಗಿಸಿದರು.

"ಗುಳಗಿ ತಗೋತಿಯೋ ಇಲ್ಲೋ?"

"ದಿನಾ ತಗೋತೀನ್ರಿ."

"ಸುಳ್ಳು ಹೇಳಬ್ಯಾಡ. ತಗೊಂಡ್ರ ಇಳೀಬೇಕು. ನಿಮ್ಮಂಥೋರದು ಇದೇ ಹಣೇಬರ."

ನಿಮ್ಮಂಥೋರು.

ಎದ್ದು ಬಂದೆ. ಮಹಾದೇವಿ ಚೀಟಿ ತಗೊಂಡು ಹಿಂದೆ ಓಡಿಬಂದಳು. ಇನ್ನು ಮೇಲೆ ಯಾವ ದವಾಖಾನೆಯ ಮೆಟ್ಟಿಲೂ ಹತ್ತುವುದಿಲ್ಲ ಅಂತ ಹೇಳಿಬಿಟ್ಟೆ. ಈಗಲೂ ನನಗೆ ಆ ಡಾಕ್ಟರ ಮೇಲೆ ಸಿಟ್ಟು ಇದೆ. ಅವರ ಮುಂದೆ ಎಷ್ಟು ಮಂದಿ ಕೂತಿರುತ್ತಾರೆ ಅಂತ ನಾನೂ ನೋಡಿದ್ದೇನೆ. ಒಬ್ಬೊಬ್ಬರ ಮನೆ ಕಥೆ ಕೇಳಲು ಅವರಿಗೆ ವೇಳೆ ಎಲ್ಲಿದೆ? ಆದರೆ ಸುಳ್ಳುಗಾರ ಅನ್ನಲು ವೇಳೆ ಇತ್ತಲ್ಲ. ಅಷ್ಟೇ ವೇಳೆಯಲ್ಲಿ 'ಹೆಂಗ ತಗೋತಿ' ಅಂತ ಕೇಳಬಹುದಿತ್ತು.

ಅಷ್ಟೊತ್ತಿಗೆ ಮಂದಿ ಸೀದಾ ಮೌಲಾಲಿಗೇ ಫೋನ್ ಮಾಡಲು ಶುರು ಮಾಡಿದ್ದರು. ಅವನು ಸಂಜೆಗೆ ಬಂದು, ಎಲ್ಲಿ ಕೆಲಸ, ಎಂಥಾ ಕಲ್ಲು ಅಂತ ನನಗೆ ಹೇಳಿ ಹೋಗುತ್ತಿದ್ದ. ಮುಖ ಕೆಳಗೆ ಹಾಕಿ ಹೇಳುತ್ತಿದ್ದ. ಒಂದು ದಿನ ನಾನು ನನ್ನ ಸಾಮಾನಿನ ಚೀಲ ಅವನ ಮುಂದಿಟ್ಟೆ. "ಒಯ್ಯಿ. ನನಗಿನ್ನ ಆಗಂಗಿಲ್ಲ."

ಅವನು ಚೀಲ ಎತ್ತಿದ. ಮತ್ತೆ ಅಲ್ಲೇ ಮೂಲೆಗೆ ಇಟ್ಟ. "ನಿನ್ನ ಸಾಮಾನು ನಿನ್ನಂಗೇ ಅದ ಮೇಸ್ತ್ರಿ, ಸೊಕ್ಕಿಂದು. ನನ್ನ ಮಾತು ಕೇಳಂಗಿಲ್ಲ" ಅಂದು ಚಹಾ ಕುಡಿಯದೆ ಹೋದ.

ಮಹಾದೇವಿ ಒಳಗಿಂದ ಕೇಳಿಸಿಕೊಂಡಿದ್ದಳು. ಮರುದಿನ ಹೊಸ ಸೀರೆ ಉಟ್ಟು ನಿಂತಳು. "ಚಿತ್ತಾಪುರದ ಸರಕಾರಿ ದವಾಖಾನ್ಯಾಗ ಒಬ್ರು ಡಾಕ್ಟರಮ್ಮ ಬಂದಾರಂತ. ನಡೀರಿ."

"ನಾ ಬರಂಗಿಲ್ಲ ಅಂತ ಹೇಳೀನಿ."

"ನಿಮ್ಮ ಸಿಟ್ಟಿನ ಸಲುವಾಗಿ ನಾ ಕುಂಕುಮ ಅಳಿಸ್ಕೊಳ್ಲೇನು? ನಡೀರಿ ಸುಮ್ನ."

ಹೋದೆವು. ಡಾಕ್ಟರಮ್ಮ ವಯಸ್ಸಲ್ಲಿ ಸಣ್ಣವರು. "ಕುಂದ್ರಿ" ಅಂದರು. ಅದೇ ಒಂದು ದೊಡ್ಡ ಮಾತು ಅನಿಸಿತು. ಹಳೆ ರಿಪೋರ್ಟ್‌ಗಳನ್ನೆಲ್ಲ ನೋಡಿ, ಪೆನ್ನು ಕೆಳಗಿಟ್ಟು, "ಮುಂಜಾನಿ ಎದ್ದಿಂದ ಏನೇನ್ ಮಾಡ್ತೀರಿ, ಒಂದೊಂದಾಗಿ ಹೇಳ್ರಿ" ಅಂದರು.

ನಾನು ಬಾಯಿ ತೆಗೆಯುವುದರೊಳಗೆ ಮಹಾದೇವಿ ಶುರು ಮಾಡಿದಳು. ಎಷ್ಟು ಹೆಮ್ಮೆಯಿಂದ ಹೇಳಿದಳು! ಎಮ್ಮೆ ಹಾಲು ಎಲ್ಲಿಂದ ತರುತ್ತಾಳೆ, ಖಾರೀಕ ಎಷ್ಟು ಹೊತ್ತು ಕುದಿಸುತ್ತಾಳೆ, ಗುಳಗಿ ನುಂಗಿಸಿ ಲೋಟ ಖಾಲಿ ಆಗುವ ತನಕ ಹೆಂಗೆ ಮುಂದೆ ನಿಲ್ಲುತ್ತಾಳೆ. ಡಾಕ್ಟರಮ್ಮನ ಮುಖ ನೋಡುತ್ತಿದ್ದವನು ನಾನು. ಏನೋ ಸಿಕ್ಕಿತು ಅಂತ ನನಗೆ ತಿಳಿಯಿತು. ಮಹಾದೇವಿಗೆ ತಿಳಿಯಲಿಲ್ಲ, ಆಕೆ ಉಂಡಿಯ ಮಾತಿಗೆ ಬಂದಿದ್ದಳು.

ಡಾಕ್ಟರಮ್ಮ ಸಾವಕಾಶ ಹೇಳಿದರು. ಹಾಲು ಈ ಗುಳಗಿಯನ್ನು ಹಿಡಿದುಕೊಂಡು ಬಿಡುತ್ತದೆ, ಮೈಗೆ ಹತ್ತಲು ಕೊಡುವುದಿಲ್ಲ. ಬರೇ ನೀರಲ್ಲಿ ತಗೋಬೇಕು. ಆಮೇಲೆ ಒಂದು ತಾಸು ಹಾಲಿಲ್ಲ, ಚಹಾ ಇಲ್ಲ, ಏನೂ ಇಲ್ಲ.

ಮಹಾದೇವಿಯ ಕೈ ಮಡಿಲಲ್ಲಿ ಬಿದ್ದವು. "ಅಂದ್ರ, ನಾನೇ..."

"ಹಂಗಲ್ಲವ್ವ. ನಿಮಗ ಬಿಡಿಸಿ ಹೇಳಬೇಕಾಗಿತ್ತು. ಯಾರೂ ಹೇಳಿಲ್ಲ. ಅದು ನಮ್ಮ ಕಡೀ ತಪ್ಪು" ಅಂದರು ಡಾಕ್ಟರಮ್ಮ. ಇನ್ನು ಗುಳಗಿ ಪೂರ್ತಿ ಮೈಗೆ ಹತ್ತುತ್ತದೆ ಅಂತ ಅದರ ಪವರ್ ಇಳಿಸಿ ಬರೆದರು, ಮತ್ತೆ ರಕ್ತ ನೋಡೋಣ ಅಂದರು. ಒಬ್ಬ ಡಾಕ್ಟರು 'ನಮ್ಮ ತಪ್ಪು' ಅಂದದ್ದನ್ನು ನಾನು ಜೀವನದಲ್ಲಿ ಅವತ್ತೇ ಕೇಳಿದ್ದು. ಆದರೆ ಮಹಾದೇವಿಯ ಕಿವಿಗೆ ಅದು ಬೀಳಲಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಪ್ಲಾಟ್‌ಫಾರಂ ಮೇಲೆ ಆಕೆ ನನ್ನಿಂದ ಜರಾ ದೂರ ಕೂತಳು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಸಮಾಧಾನ ಮಾಡುವ ಮಾತು ನನಗೆ ಬರುವುದಿಲ್ಲ. ಕಲಿತದ್ದಿಲ್ಲ.

"ಗುಳಗಿ ಅಂತೂ ಮೈಗಿ ಹತ್ತಿಲ್ಲ" ಅಂದೆ. "ಮತ್ತ ಇಷ್ಟ್ ದಿನ ನಾ ಜೀವಂತ ಇದ್ದಿದ್ದು ಯಾತರ ಮ್ಯಾಲ? ನಿನ್ನ ಉಂಡಿ ಮ್ಯಾಲೇ ಅಲ್ಲೇನು?"

"ಬಾಯಿ ಮುಚ್ಚರಿ, ಮಂದಿ ನೋಡ್ಲಿಕತ್ತಾರ" ಅಂದಳು. ಅಷ್ಟಾದರೂ ಅಂದಳು.

ಮನೆಗೆ ಬಂದ ಮೇಲೆ ಎಲ್ಲ ನಿಲ್ಲಿಸಿಬಿಟ್ಟಳು. ಹಾಲಷ್ಟೇ ಅಲ್ಲ. ಕೆಂಡ ಇಲ್ಲ, ಲೋಬಾನ ಇಲ್ಲ, ಉಂಡಿಯ ಡಬ್ಬಿ ಅಟ್ಟಕ್ಕೆ ಹೋಯಿತು. ಮುಂಜಾನೆ ಗುಳಗಿ ಮತ್ತು ನೀರಿನ ತಂಬಿಗೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ನನ್ನನ್ನು ಮುಟ್ಟಿದರೆ ಮತ್ತೇನು ಕೆಡುತ್ತದೋ ಅನ್ನುವಂಗ ಇರುತ್ತಿದ್ದಳು. ಗುಳಗಿ ಮೈಗೆ ಹತ್ತತೊಡಗಿತು, ಮುಖದ ಬಾವು ಇಳಿಯತೊಡಗಿತು. ಆದರೂ ಆ ದಿನಗಳಲ್ಲಿ ನನಗೆ ಮೊದಲಿಗಿಂತ ಹೆಚ್ಚು ಚಳಿ ಅನಿಸಿತು. ಯಾವ ರಿಪೋರ್ಟಿನಲ್ಲೂ ಬರದ ಚಳಿ ಅದು.

ಒಂದು ಮುಂಜಾನೆ ತಲೆಗೆ ಕಟ್ಟುವ ಅರಿವೆ ನಾನೇ ಹುಡುಕಿ ತಂದು ಕಟ್ಟೆಯ ಮೇಲೆ ಕೂತೆ. "ಏ ಮಾದೇವಿ, ಇದನ್ನ ಕಟ್ಟು ಬಾ. ನನಗ ಬರೋಬರಿ ಬರಲ್ಲ. ಅರಿವಿ ಏನು ಗುಳಗಿ ಹಿಡ್ಕೋತದೇನು?"

ಆಕೆ ಬಂದಳು. ಕಟ್ಟಿದಳು. ಹೋಗಲಿಲ್ಲ, ಅಲ್ಲೇ ಬಾಜೂಕ ಕೂತಳು. "ನಿಮ್ದು ಚಹಾ ಆಗೋ ತನಕ ನಾನೂ ಕುಡಿಯಂಗಿಲ್ಲ" ಅಂದಳು.

ಅವತ್ತಿನಿಂದ ಆ ಒಂದು ತಾಸು ನಮ್ಮದಾಯಿತು. ಮದುವೆಯಾದಾಗಿನಿಂದ ನಾನು ಕತ್ತಲಿರುವಾಗಲೇ ಎದ್ದು ಚಹಾ ಕುಡಿದು ಕೆಲಸಕ್ಕೆ ಓಡಿದವನು. ಆಕೆ ಒಲೆಯ ಮುಂದೆ. ಮಾತಾಡಲು ಇಷ್ಟಿದೆ ಅಂತ ನಮಗೇ ಗೊತ್ತಿರಲಿಲ್ಲ. ಆಕೆಯ ಮೊಣಕಾಲು ನೋಯುತ್ತದೆ ಅಂತ ನನಗೆ ತಿಳಿದದ್ದು ಆ ಕಟ್ಟೆಯ ಮೇಲೆ. ಆಕೆ ಸಣ್ಣಾಕಿ ಇದ್ದಾಗ ತವರಿನ ಹತ್ತಿರದ ಚಂದ್ರಂಪಳ್ಳಿ ಕೆರೆಯಲ್ಲಿ ಮುಳುಗಿ, ಹೆಂಗೋ ಬದುಕಿ ಉಳಿದಿದ್ದಳಂತೆ. ಅದನ್ನೂ ಅಲ್ಲೇ ಕೇಳಿದೆ.

ಟಿಎಸ್‌ಎಚ್ ಇಳಿದಿದೆ, ಪೂರ್ತಿ ಅಲ್ಲ. ಡಾಕ್ಟರಮ್ಮ ಅವಸರ ಬೇಡ ಅಂದಿದ್ದಾರೆ. ಕೆಲಸಕ್ಕೆ ಹೋಗುತ್ತಿದ್ದೇನೆ, ಅರ್ಧ ದಿನ. ಮೊನ್ನೆ ಒಂದು ಅಡುಗೆ ಮನೆಯ ನೆಲ ಮುಗಿಸಿ, ಯಾರ ಕೈಯೂ ಹಿಡಿಯದೆ ಎದ್ದು ನಿಂತೆ. ಮೌಲಾಲಿ ಬೇರೆ ಕಡೆ ಮುಖ ಮಾಡಿ ಗಚ್ಚು ಕಲಸಿದ. ಬ್ಯಾನಿ ಹೋಗುವುದಿಲ್ಲ ಅಂತ ಗೊತ್ತು. ಜೀವ ಇರೋ ತನಕ ಈ ಗುಳಗಿ. ಆಗಲಿ.

ಇವತ್ತು ಮುಂಜಾನೆ ಆಕೆ ಮೊಣಕಾಲು ಹಿಡಿದುಕೊಂಡು ಏಳಲು ಹೋದಳು. "ತಾಸು ಆತು. ಚಹಾ ಇಡ್ತೀನಿ."

"ಆಗ್ಲಿ ಬಿಡು" ಅಂದೆ. "ಇನ್ನೊಂದ್ ಜರಾ ಕುಂದ್ರು."